ಮೆಣಸಿನ ಗಿಡದ ಎಲೆ ಮುಟುರು: ಮನೇಲೇ ಔಷಧಿ ಮಾಡಿ ಹೊಡೆದವರು ಅನುಭವ ಹೇಳಿ

ಹಿತ್ತಲಗಿಡ: 40 ಮೆಣಸಿನ ಗಿಡ ಇದೆ, ಚಿಗುರೆಲ್ಲ ಮುದುರ್ಕೊಂಡಿದೆ. ಅಂಗಡಿ ಔಷಧಿ ಬೇಡ ಅಂತ ಮೊನ್ನೆ ಬೇವಿನೆಣ್ಣೆ ಹೊಡೆದೆ, ಏನೂ ಗೊತ್ತಾಗ್ತಿಲ್ಲ. ನೀವೆಲ್ಲ ಏನ್ ಮಾಡಿದ್ರಿ?

ಬೇವಿನಬೀಜ: ನಂದು ಕೋಸು. ಮೊದಲ್ನೇ ವರ್ಷ ಮೂಟೇಲಿ ಬಿದ್ದಿದ್ದ ಹಳೇ ಬೇವಿನ ಬೀಜ, ಬೂಸ್ಟು ಬೇರೆ ಹಿಡಿದಿತ್ತು, ಅದನ್ನೇ 5 ಕೆಜಿ ಕುಟ್ಟಿದೆ. ಅಂಗೈ ಬೊಬ್ಬೆ ಬಂದು ಎರಡು ದಿನ ಗುದ್ದಲಿ ಹಿಡಿಯೋಕಾಗ್ಲಿಲ್ಲ. ಹೊಡೆದಿದ್ದು ಸುಡು ಬಿಸಿಲಲ್ಲಿ. ಬಿಸಿಲಿಗೆ ಬೇವಿನ ಸತ್ವ ಹೋಗುತ್ತೆ ಅಂತ ಆಮೇಲೆ ಗೊತ್ತಾಯ್ತು, ಅಷ್ಟರಲ್ಲಿ ಹುಳ ಎಲೆ ಜರಡಿ ಮಾಡಿತ್ತು. ಮುಂದಿನ ವರ್ಷ ನೆರಳಲ್ಲಿ ಒಣಗಿಸಿದ ಹೊಸ ಬೀಜದ ತಿರುಳು 5 ಕೆಜಿ, ಬಟ್ಟೇಲಿ ಕಟ್ಟಿ 10 ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಹಾಲಿನ ಥರ ಬರೋದು ನಿಲ್ಲೋವರೆಗೂ ಹಿಂಡಿ, 100 ಲೀಟರ್ ಮಾಡಿ ಸಂಜೆ ಹೊಡೆದೆ. ಹುಳ ತಕ್ಷಣ ಸಾಯಲ್ಲ, ತಿನ್ನೋದು ಬಿಡುತ್ತೆ. ಮೂರನೇ ದಿನಕ್ಕೇ ಇದು ವೇಸ್ಟು ಅಂತ ಬೈಕೊಂಡಿದ್ದೆ, ವಾರ ಆದ್ಮೇಲೆ ಹೊಸ ಸುಳಿ ತೂತಿಲ್ಲದೆ ನೆಟ್ಟಗೆ ಬಂತು.

ಟೊಮೇಟೊತೋಟ: ನಾನು ಎಣ್ಣೆ ಕರಗ್ಲಿ ಅಂತ ಬಟ್ಟೆ ಸೋಪಿನ ಪುಡಿ ಒಂದು ಹಿಡಿ ಹಾಕ್ಬಿಟ್ಟೆ. ಬೆಳಗ್ಗೆ ನೋಡಿದ್ರೆ 60 ಗಿಡದ ಎಲೆ ಅಂಚು ಸುಟ್ಟು ಕಾಗದದ ಥರ, ಹೂವೆಲ್ಲ ನೆಲದ ಮೇಲೆ. ಈಗ ಲೀಟರಿಗೆ 5 ಎಂಎಲ್ ಎಣ್ಣೆ, ಮೆದು ಸೋಪಿನ ನೀರಲ್ಲಿ ಮೊದಲು ಕಲಸಿ ಆಮೇಲೆ ನೀರು ಸೇರಿಸ್ತೀನಿ, ಎರಡು ಗಿಡಕ್ಕೆ ಹೊಡೆದು ಎರಡು ದಿನ ಕಾಯ್ತೀನಿ. ಬೆಳ್ಳುಳ್ಳಿ ಕಷಾಯ ಸರಿಯಾಗಿ ಸೋಸದೆ ನಾಜಲ್ 7 ಸಲ ಬಿಚ್ಚಿದ್ದೀನಿ ಒಂದೇ ಸಂಜೇಲಿ!

ಎಂಟುವರ್ಷ: ಇಷ್ಟೆಲ್ಲ ಒದ್ದಾಟ ಯಾಕ್ರೀ, ತಂಬಾಕು ಕುದಿಸಿ ಹೊಡೀರಿ. ಗಿಡದ ಹೇನು ಕಣ್ಮುಂದೇನೇ ಉದುರುತ್ತೆ. ಎಂಟು ವರ್ಷದಿಂದ ಮಾಡ್ತಿದ್ದೀನಿ.

ಟೊಮೇಟೊತೋಟ: ದಯವಿಟ್ಟು ಇದನ್ನ ಹೊಸಬರಿಗೆ ಹೇಳ್ಬೇಡಿ. ನಿಕೋಟಿನ್ ಚರ್ಮದಿಂದಾನೇ ಒಳಗೆ ಹೋಗುತ್ತೆ. ನಮ್ಮ ಟ್ಯಾಂಕ್ ಸೋರಿ ಬೆನ್ನು ನೆಂದು ನಮ್ಮೆಜಮಾನ್ರು ರಾತ್ರಿಯೆಲ್ಲ ವಾಂತಿ, ತಲೆ ಎತ್ತೋಕಾಗ್ಲಿಲ್ಲ. ಹೇನು ತಿನ್ನೋ ಗುಲಗಂಜಿ ಹುಳಾನೂ ಸತ್ತು ಬಿದ್ದಿತ್ತು. ತಂಬಾಕು ಮುಟ್ಟಿದ ಕೈಯಿಂದ ಮೆಣಸು, ಟೊಮೇಟೊಗೆ ಎಲೆ ಮಚ್ಚೆ ತರೋ ಮೊಸಾಯಿಕ್ ವೈರಸ್ ಬೇರೆ ಹತ್ಕೊಳ್ಳಬಹುದು.

ಎಂಟುವರ್ಷ: ಸೋರೋ ಟ್ಯಾಂಕ್ ಹೆಗಲಿಗೇರಿಸಿದ್ದು ನಿಮ್ಮ ತಪ್ಪು ಮೇಡಂ, ತಂಬಾಕನ್ನ ಯಾಕೆ ಬೈತೀರಿ. ನಾನು ಗಾಳಿ ನೋಡಿ, ಕೈಗವಸು ಹಾಕ್ಕೊಂಡೇ ಹೊಡೆಯೋದು.

ಟೊಮೇಟೊತೋಟ: ಆ ಕೈಗವಸಿನ ಮಾತು ಮೊದಲನೇ ಸಲಾನೇ ಬರೀಬೇಕಿತ್ತಲ್ವಾ? ಗಿಡದಿಂದ ಬಂದಿದ್ದೆಲ್ಲ ಸಾಧು ಅಂದ್ಕೊಂಡೇ ನಾವು ಬರಿಗೈಲಿ ಕಲಸಿದ್ದು.

ಬೇವಿನಬೀಜ: ಅದಕ್ಕೇ ಹೇಳೋದು, ಬೇವೊಂದೇ ಸಾಕು.

ಮೆಣಸುಗಾರ: ಬೇವು ಬೇವು ಅಂತ ಎಲ್ಲದಕ್ಕೂ ಹೇಳ್ಬೇಡಿ ಅಣ್ಣ. ಮೊದಲು ಎಲೆ ನೋಡ್ಬೇಕು. ಮೇಲ್ಮುಖವಾಗಿ ಮಡಚಿದ್ರೆ ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಹುಳ, ಕೆಳಮುಖ ಆದ್ರೆ ಮೈಟ್ ನುಸಿ. ಬಿಳಿನೊಣ ತಂದ ವೈರಸ್ ಆದ್ರೆ ಯಾವ ಕಷಾಯಕ್ಕೂ ಹೋಗಲ್ಲ. ನಾನು ಅದು ತಿಳೀದೆ ನಾಲ್ಕು ಸಲ ಹೊಡೆದು, ಕೊನೆಗೆ 110 ಗಿಡ ಕಿತ್ತು ಹಾಕಿದ್ದೀನಿ, ಕಾಯಿ ಕಚ್ಚಿದ್ದ ಗಿಡಗಳು.

ಹಿತ್ತಲಗಿಡ: ನೋಡಿದೆ ಸರ್, ಕೆಳಮುಖಾನೇ, ದೋಣಿ ಕವುಚಿ ಹಾಕಿದ ಹಾಗಿದೆ. ನುಸಿಗೆ ಗಂಧಕ ಹೊಡೀಲಾ?

ಮೆಣಸುಗಾರ: ಮೊನ್ನೆ ತಾನೇ ಎಣ್ಣೆ ಹೊಡೆದಿದ್ದೀರಿ, ಎರಡು ವಾರ ಗಂಧಕ ಮುಟ್ಟಬೇಡಿ, ಎಲೆ ಸುಟ್ಟೋಗುತ್ತೆ. ನಂದು ಒಂದು ಸಾಲು ಪೂರ್ತಿ ಹಾಗೇ ಹೋಗಿದೆ. ಅಲ್ಲೀವರೆಗೂ ತೀರಾ ಮುದುರಿರೋ ತುದಿ ಚಿವುಟಿ ದೂರ ಹಾಕಿ.