ಪದ ಬೇಕು: ಬೀಡಿಯ ವಿಷ ಮೈಗೆ ಸೇರುವುದಕ್ಕೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ. ಹುಣಸೂರು ಕಡೆಯ ಆರೋಗ್ಯ ಶಿಬಿರಕ್ಕೆ ಒಂದು ಪೋಸ್ಟರ್ ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. 'ಟಾಕ್ಸಿಕೆಂಟ್ ಎಕ್ಸ್‌ಪೋಷರ್' ಅನ್ನುವಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. 'ವಿಷಕಾರಿ ವಸ್ತುಗಳಿಗೆ ಒಡ್ಡಿಕೊಳ್ಳುವಿಕೆ' ಅಂತ ಬರೆದರೆ ಓದಿದವರಿಗೇ ತಲೆಗೆ ಹೋಗಲ್ಲ.

ಹೇಳಬೇಕಾದ್ದು ಇಷ್ಟು: ಬೀಡಿಯ ಲೆಕ್ಕ ಬೇರೆ, ಒಳಗೆ ಹೋದ ವಿಷದ ಲೆಕ್ಕ ಬೇರೆ. ಕಳೆದ ಶಿಬಿರದಲ್ಲಿ ಒಬ್ಬ ಅಜ್ಜ 'ಇಪ್ಪತ್ತು ಸೇದ್ತಿದ್ದೆ, ಹತ್ತಕ್ಕೆ ಇಳಿಸಿದೀನಿ' ಅಂದರು. ಉಸಿರಿನ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಮೀಟರಿಗೆ ಊದಿಸಿದೆವು. ಮೊದಲು 24 ಇದ್ದದ್ದು 21 ಆಗಿತ್ತು, ಅಷ್ಟೇ. ಆಮೇಲೆ ಜಗಲಿಯಲ್ಲಿ ಅವರು ಸೇದುವುದನ್ನು ನೋಡಿದೆ. ಕೆನ್ನೆ ಒಳಗೆ ಹೋಗುವಷ್ಟು ಎಳೆದು, ಹೊಗೆ ಹಿಡಿದಿಟ್ಟುಕೊಂಡು, ಬೆರಳು ಸುಡುವವರೆಗೂ ಬಿಡಲಿಲ್ಲ. ಮೈ ಕೇಳುವ ನಿಕೋಟಿನ್ ಅನ್ನು ಹತ್ತರಲ್ಲೇ ಹಿಂಡಿಕೊಳ್ಳುತ್ತಿದ್ದರು.
— ಹುಣಸೂರಿನಿಂದ

ಒಡ್ಡಿಕೆ ಬೇಡ. ವಿಷವೂ ಬೇಡ, ಅದು ಸಂಸ್ಕೃತದ ಪದ. ಕನ್ನಡದಲ್ಲಿ 'ನಂಜು' ಇದೆ. ನಂಜನ್ನು ಉಂಡವನು ನಂಜುಂಡ, ನಂಜನಗೂಡು ನಿಮ್ಮ ಜಿಲ್ಲೆಯಲ್ಲೇ ಇದೆ. ಬಾವಿಯಿಂದ ನೀರು ಸೇದುತ್ತೇವೆ, ಬೀಡಿಯನ್ನೂ ಸೇದುತ್ತೇವೆ. ಎಷ್ಟು ಎಳೆದರೆ ಅಷ್ಟು ಬರುತ್ತೆ. ಆ ಅಜ್ಜ ಮಾಡಿದ್ದೆಲ್ಲ ಈ ಒಂದು ಪದದಲ್ಲಿದೆ. 'ನಂಜುಸೇದಿಕೆ' ಅನ್ನಿ, ಮುಗೀತು.
— ಮೈಸೂರಿನಿಂದ

ಒಪ್ಪಲ್ಲ ಸರ್. ನಮ್ಮ ಕಡೆ ಗಾಯ ಕೀವಾದರೆ ನಂಜು, ಬಾಣಂತಿಗೆ ಬದನೆಕಾಯಿ ನಂಜು. ಪೋಸ್ಟರ್ ನೋಡಿದವರು ಹುಣ್ಣಿನ ಮಾತು ಅಂದುಕೊಳ್ಳುತ್ತಾರೆ. 'ವಿಷ' ಅಂದರೆ ಎಲ್ಲರಿಗೂ ಗೊತ್ತು.

'ಸೇದಿಕೆ' ಇನ್ನೂ ತಪ್ಪು. ನಮ್ಮದು ಪಿರಿಯಾಪಟ್ಟಣದ ಹೊಗೆಸೊಪ್ಪಿನ ಮನೆ. ಇಬ್ಬನಿ ಬಿದ್ದ ಸೊಪ್ಪು ಮುರಿದು ಕಂಕುಳಲ್ಲಿ ಅವಚಿಕೊಂಡು ಬರುತ್ತಿದ್ದ ನಮ್ಮಮ್ಮನಿಗೆ ಮಧ್ಯಾಹ್ನಕ್ಕೆ ತಲೆಸುತ್ತು, ವಾಂತಿ. ಒದ್ದೆ ಸೊಪ್ಪಿನ ನಿಕೋಟಿನ್ ಚರ್ಮದಿಂದಲೇ ಒಳಗೆ ಇಳಿಯುತ್ತೆ. ಅಮ್ಮ ಒಂದು ಬೀಡಿ ಮುಟ್ಟಿದವರಲ್ಲ. ಮನೆಯೊಳಗೆ ಅಪ್ಪ ಸೇದಿದರೆ ಮಗುವಿನ ಮೂತ್ರದಲ್ಲಿ ಕೊಟಿನಿನ್ ಸಿಗುತ್ತೆ, ಅಂದರೆ ಮೈಯೊಳಗೆ ನಿಕೋಟಿನ್‌ನಿಂದ ಆಗುವ ವಸ್ತು. ಆ ಮಗು ಏನು ಸೇದಿತು ಹೇಳಿ?
— ಪಿರಿಯಾಪಟ್ಟಣದಿಂದ

'ವಿಷ' ಗೊತ್ತಿರುವುದು ಬೇರೆ, ನಮ್ಮದಾಗಿರುವುದು ಬೇರೆ. ಹೀಗೇ ಬಿಟ್ಟುಕೊಟ್ಟು ಬಿಟ್ಟುಕೊಟ್ಟು 'ಹೊಗೆಸೊಪ್ಪು' ಹೋಗಿ ಎಲ್ಲ ಕಡೆ 'ತಂಬಾಕು' ಆಯಿತು.
— ಮೈಸೂರಿನಿಂದ

ತಂಬಾಕು ಗಿಡವನ್ನೇ ಪೋರ್ಚುಗೀಸರು ತಂದದ್ದು. ಬೀಡಿ ಸಂಸ್ಕೃತದ ವೀಟಿಕೆಯಿಂದ ಬಂದದ್ದು. ಅದನ್ನೂ ಬದಲಾಯಿಸುತ್ತೀರಾ? ಶಿಬಿರಕ್ಕೆ ಬರುವವರಿಗೆ ಅರ್ಥ ಆಗಬೇಕು, ನಮ್ಮ ಹಟ ಗೆಲ್ಲಬೇಕಿಲ್ಲ.
— ಪಿರಿಯಾಪಟ್ಟಣದಿಂದ

ಲ್ಯಾಬಿನಲ್ಲಿ ಕೆಲಸ ಮಾಡುವವಳಾಗಿ ಒಂದು ಮಾತು. ಇಲ್ಲಿ ಎರಡು ವಿಷಯ ಬೆರೆತಿವೆ. ಕೋಣೆಯಲ್ಲಿ ಹೊಗೆ ತುಂಬಿದೆ, ನೀವು ಅಲ್ಲಿ ಕೂತಿದ್ದೀರಿ, ಅದು ಒಡ್ಡಿಕೆ. ಅದರಲ್ಲಿ ರಕ್ತಕ್ಕೆ ಎಷ್ಟು ಹೋಯಿತು ಅನ್ನುವುದು ಬೇರೆ. ನಾವು ಹುಡುಕುವುದು ಎರಡನೆಯದನ್ನು. ರಕ್ತದಲ್ಲಿ ನಿಕೋಟಿನ್ ಸುಮಾರು 2 ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತೆ. ಅದರಿಂದ ಹುಟ್ಟುವ ಕೊಟಿನಿನ್ ಅರ್ಧವಾಗಲು 16 ಗಂಟೆ ಅಥವಾ ಜಾಸ್ತಿ ಬೇಕು. ಅದಕ್ಕೇ ನಿನ್ನೆಯ ಬೀಡಿ ಇವತ್ತಿನ ಎಂಜಲಲ್ಲೂ ಕಾಣುತ್ತೆ. ಬೀಡಿಯ ಎಲೆಯಲ್ಲಿ ಸಿಗರೇಟಿನ ಕಾಗದದ ಹಾಗೆ ಗಾಳಿ ಆಡಲ್ಲ, ಪದೇ ಪದೇ ಎಳೆಯದಿದ್ದರೆ ಆರುತ್ತೆ. ಹಾಗಾಗಿ ಬರೀ ಎಣಿಕೆಯಿಂದ ಏನೂ ತಿಳಿಯಲ್ಲ.

'ಮೈಗೆ ಹತ್ತಿದ ವಿಷ' ಅನ್ನಬೇಡಿ. ಹಾಲು ತುಪ್ಪ ಮೈಗೆ ಹತ್ತೋದು ಒಳ್ಳೆಯದಕ್ಕೆ, ಅಲ್ವಾ? 'ಮೈಗೆ ಸೇರಿದ ವಿಷ' ಸಾಕು. ಹೊಗೆಯಿಂದಲೋ ಚರ್ಮದಿಂದಲೋ, ಸೇರಿದ್ದು ಸೇರಿದ್ದೇ.
— ದಾವಣಗೆರೆಯಿಂದ

ಎಲ್ಲರಿಗೂ ಧನ್ಯವಾದ. ಇವತ್ತು ಹೀಗೆ ಕಳಿಸುತ್ತಿದ್ದೇನೆ:

ಬೀಡಿ ಅರ್ಧ ಮಾಡಿದರೆ ಮೈಗೆ ಸೇರುವ ವಿಷ ಅರ್ಧ ಆಗಲ್ಲ.
ಒದ್ದೆ ಹೊಗೆಸೊಪ್ಪು ಮುರಿಯುವಾಗ ತುಂಬು ತೋಳಿನ ಅಂಗಿ, ಕೈಗವಸು ಹಾಕಿಕೊಳ್ಳಿ.

ಎರಡನೇ ಸಾಲು ಮೂಲದಲ್ಲಿ ಇರಲಿಲ್ಲ. ಪಿರಿಯಾಪಟ್ಟಣದ ಓಲೆ ಓದಿ, ಶಿಬಿರದವರನ್ನು ಕೇಳಿ ಸೇರಿಸಿದೆ. ಮೈಸೂರಿನ ಸರ್ ಹೇಳಿದ 'ಹೊಗೆಸೊಪ್ಪು' ಅಲ್ಲೇ ಉಳಿಯಿತು. ಸೊಪ್ಪು ಮುರಿಯುವವರ ಬಾಯಲ್ಲಿರುವ ಮಾತೂ ಅದೇ.
— ಹುಣಸೂರಿನಿಂದ