ಕ್ಲಚ್ ಸ್ಪ್ರಿಂಗ್ ಬದಲಿಸಿದವರ ಅನುಭವ

ಪ್ರಶ್ನೆ: ನನ್ನ ಬೈಕನ್ನು ಟಾಪ್ ಗೇರಿನಲ್ಲಿ ಏರು ಹತ್ತಿಸುವಾಗ ಎಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಕ್ಲಚ್ ಸ್ಪ್ರಿಂಗ್ ಸೋತಿರಬಹುದು ಎಂಬ ಅನುಮಾನವಿದೆ. ಸ್ಪ್ರಿಂಗ್‌ಗಳನ್ನು ಮಾತ್ರ ಮನೆಯಲ್ಲೇ ಬದಲಿಸಬಹುದೇ? ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ 1: ಕ್ಲಚ್ ಜಾರುತ್ತಿರುವುದು ನಿಜವೇ ಇರಬೇಕು, ಆದರೆ ಅದಕ್ಕೆ ಸ್ಪ್ರಿಂಗೇ ಕಾರಣವೆಂದು ಈಗಲೇ ತೀರ್ಮಾನಿಸಬೇಡಿ. ನಾನು ಹಾಗೆ ತೀರ್ಮಾನಿಸಿ, ಅರ್ಧ ದಿನ ಕಳೆದು ಕವರ್ ಬಿಚ್ಚಿ ಅಳೆದಾಗ ಸ್ಪ್ರಿಂಗ್‌ಗಳೆಲ್ಲ ಸರಿಯಾಗಿಯೇ ಇದ್ದವು. ಕೇಬಲ್ಲನ್ನು ಅತಿಯಾಗಿ ಬಿಗಿ ಮಾಡಿದ್ದರಿಂದ, ಲಿವರ್ ಬಿಟ್ಟಾಗಲೂ ಪ್ರೆಶರ್ ಪ್ಲೇಟ್ (ಸ್ಪ್ರಿಂಗ್ ಬಲದಿಂದ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವ ತಟ್ಟೆ) ಪೂರ್ತಿ ಕೂರುತ್ತಿರಲಿಲ್ಲ. ಆದ್ದರಿಂದ ಮೊದಲು ಲಿವರಿನಲ್ಲಿ ಸ್ವಲ್ಪ ಸಡಿಲವಿದೆಯೇ ಎಂದು ನೋಡಿ. ಆಮೇಲೆ ಆಯಿಲ್ ಡಬ್ಬಿ ನೋಡಿ: ಘರ್ಷಣೆ ತಗ್ಗಿಸುವ ಅಂಶ ಬೆರೆಸಿದ ಕಾರಿನ ಆಯಿಲ್ ಹಾಕಿದರೂ ಕ್ಲಚ್ ಜಾರಬಹುದು. ಆಯಿಲಿನಲ್ಲಿ ಮುಳುಗಿರುವ ಕ್ಲಚ್ಚಿಗೆ ಜಾಸೋ (ಜಪಾನಿನ ವಾಹನ ಗುಣಮಟ್ಟ ಸಂಸ್ಥೆ) ಎಂಎ ಅಥವಾ ಎಂಎ2 ಗುರುತಿನ ಆಯಿಲ್ ಬೇಕು.

ಉತ್ತರ 2: ಇವೆರಡೂ ಸರಿಯಿದ್ದರೆ ಖಂಡಿತ ಬಿಚ್ಚಬಹುದು. ಬಹುತೇಕ ಬೈಕುಗಳಲ್ಲಿ ಕ್ಲಚ್ ಬಲಗಡೆ ಇರುವುದರಿಂದ, ಗಾಡಿಯನ್ನು ಎಡಕ್ಕೆ ಚೆನ್ನಾಗಿ ವಾಲಿಸಿ ಭದ್ರವಾಗಿ ಆಧಾರ ಕೊಟ್ಟರೆ ಹಲವು ಬೈಕುಗಳಲ್ಲಿ ಆಯಿಲ್ ಇಳಿಸದೆಯೇ ಕೆಲಸ ಮುಗಿಯುತ್ತದೆ. ಎಚ್ಚರವಿರಬೇಕಾದದ್ದು ಸ್ಪ್ರಿಂಗ್ ಬೋಲ್ಟುಗಳಲ್ಲಿ. ಒಂದನ್ನೇ ಪೂರ್ತಿ ಬಿಚ್ಚಿದರೆ ಪ್ರೆಶರ್ ಪ್ಲೇಟ್ ಓರೆಯಾಗಿ, ಬೋಲ್ಟ್ ಕೂರುವ ಅಲ್ಯೂಮಿನಿಯಂ ಕಂಬಕ್ಕೇ ಪೆಟ್ಟು ಬೀಳುತ್ತದೆ. ಎದುರುಬದುರಿನವನ್ನು ಅರ್ಧರ್ಧ ಸುತ್ತಿನಂತೆ ಸಡಿಲಿಸಿ, ಹಾಕುವಾಗಲೂ ಅದೇ ಕ್ರಮದಲ್ಲಿ ಬಿಗಿ ಮಾಡಿ. ಕೈಯಂದಾಜನ್ನು ನಂಬಿ ನಾನು ಒಂದು ಬೋಲ್ಟನ್ನು ಮುರಿದುಕೊಂಡಿದ್ದೇನೆ, 6 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ ಹೇಳುವ ಟಾರ್ಕ್ (ಬಿಗಿ ಮಾಡಲು ತಿರುಗಿಸುವ ಬಲ) ಸುಮಾರು 10 ನ್ಯೂಟನ್ ಮೀಟರ್ ಮಾತ್ರ. ನಿಖರವಾದ ಅಂಕಿಯನ್ನು ನಿಮ್ಮ ಬೈಕಿನ ಸರ್ವಿಸ್ ಮ್ಯಾನುಯಲ್ಲಿನಲ್ಲಿ ನೋಡಿಕೊಳ್ಳಿ.

ಬಿಚ್ಚಿದ ಸ್ಪ್ರಿಂಗ್‌ಗಳನ್ನು ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿ. ನನ್ನ ನಾಲ್ಕರಲ್ಲಿ ಎರಡು ಕುಳ್ಳಾಗಿದ್ದುದು ಕಣ್ಣಿಗೇ ಕಾಣುತ್ತಿತ್ತು. ಆದರೂ ಒಂದೊಂದನ್ನೂ ವರ್ನಿಯರಿನಿಂದ ಅಳೆದು ಮ್ಯಾನುಯಲ್ಲಿನ ಕನಿಷ್ಠ ಉದ್ದಕ್ಕೆ ಹೋಲಿಸಬೇಕು, ಒಂದು ಸೋತಿದ್ದರೂ ಇಡೀ ಸೆಟ್ಟನ್ನೇ ಬದಲಿಸಬೇಕು. ಹಳೆಯದು ಹೊಸದು ಬೆರೆತರೆ ಒತ್ತಡ ಸಮನಾಗಿ ಬೀಳುವುದಿಲ್ಲ. ಕವರ್ ತೆರೆದಿರುವಾಗಲೇ ಕ್ಲಚ್ ಪ್ಲೇಟುಗಳ ದಪ್ಪವನ್ನೂ ಅಳೆದುಬಿಡಿ. ಸ್ಟೀಲ್ ಪ್ಲೇಟು ನೀಲಿಗಟ್ಟಿದ್ದರೆ ಅದು ಅತಿಯಾಗಿ ಕಾದಿದೆ ಎಂದರ್ಥ. ಅದನ್ನೂ ಗಾಜಿನ ಮೇಲಿಟ್ಟು, ಫೀಲರ್ ಗೇಜಿನಿಂದ (ಸಂದಿ ಅಳೆಯುವ ತೆಳು ಪಟ್ಟಿ) ಸೊಟ್ಟಗಾಗಿದೆಯೇ ಎಂದು ಪರೀಕ್ಷಿಸಿ. ಹೊಸ ಕ್ಲಚ್ ಪ್ಲೇಟ್ ಹಾಕುವುದಾದರೆ ಮೊದಲು ಎಂಜಿನ್ ಆಯಿಲಿನಲ್ಲಿ ನೆನೆಸಬೇಕು. ಕವರಿನ ಅಂಚಿನಲ್ಲಿ ಆಯಿಲ್ ಸೋರದಂತೆ ತಡೆಯುವ ಹಳೆಯ ಗ್ಯಾಸ್ಕೆಟ್ಟನ್ನು ಸ್ಕ್ರೂಡ್ರೈವರಿನಿಂದ ಕೆರೆಯಬೇಡಿ, ಗೀರು ಬಿದ್ದ ಜಾಗದಿಂದ ಆಯಿಲ್ ಜಿನುಗುತ್ತದೆ.

ಉತ್ತರ 3: ಒಂದು ಮಾತು ಸೇರಿಸುತ್ತೇನೆ. ಹೆಚ್ಚು ಗಟ್ಟಿಯಾದ ಸ್ಪ್ರಿಂಗ್ ಹಾಕಿದರೆ ಒಳ್ಳೆಯದೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಾನು ಹಾಕಿಸಿದ್ದೆ, ಜಾರುವುದು ನಿಂತಿತು, ಆದರೆ ವಾಹನ ದಟ್ಟಣೆಯಲ್ಲಿ ಲಿವರ್ ಹಿಡಿದು ಹಿಡಿದು ಮುಂಗೈ ಸೋಲುತ್ತಿತ್ತು, ಕೇಬಲ್ಲಿನ ಎಳೆಗಳೂ ಬೇಗ ಹರಿಯತೊಡಗಿದವು. ಕೊನೆಗೆ ಕಂಪನಿಯ ಅಳತೆಯದನ್ನೇ ಮತ್ತೆ ಹಾಕಿಕೊಂಡೆ.