ಎಂಜಿನಿಯರಿಂಗ್‌ನ ಅಂತಿಮ ಯೋಜನೆಯನ್ನು ರಂಗಭೂಮಿಗಾಗಿ ಮಾಡಬಹುದೇ?

ಪ್ರಶ್ನೆ

ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್‌ನ ಮೂರನೆಯ ವರ್ಷದ ವಿದ್ಯಾರ್ಥಿನಿ. ನಾಟಕ ತಂಡವೊಂದರಲ್ಲಿ ಮೊದಲು ನಟಿಸುತ್ತಿದ್ದೆ, ಈಗ ರಂಗದೀಪಗಳನ್ನು ನಿಯಂತ್ರಿಸುವ ಲೈಟ್ ಬೋರ್ಡ್ ನೋಡಿಕೊಳ್ಳುತ್ತಿದ್ದೇನೆ. ರಂಗದ ಮೇಲೆ ನಡೆದಾಡುವ ನಟರನ್ನು ಕ್ಯಾಮೆರಾದಿಂದ ಗುರುತಿಸಿ, ದೀಪವು ತಾನಾಗಿಯೇ ಅವರನ್ನು ಹಿಂಬಾಲಿಸುವಂತೆ ಮಾಡುವುದನ್ನೇ ಅಂತಿಮ ವರ್ಷದ ಯೋಜನೆಯಾಗಿ ಕೈಗೊಳ್ಳಬೇಕೆಂದಿದ್ದೇನೆ. ಇದು ಹವ್ಯಾಸವೇ ಹೊರತು ಎಂಜಿನಿಯರಿಂಗ್ ಅಲ್ಲವೆಂದು ಮಾರ್ಗದರ್ಶಕರು ಹೇಳುತ್ತಾರೆ. ಯಂತ್ರದ ಚಮತ್ಕಾರದಲ್ಲಿ ನಟನೆ ಮರೆಯಾದೀತೆಂದು ನಮ್ಮ ನಿರ್ದೇಶಕರು ಹಿಂಜರಿಯುತ್ತಾರೆ. ಎರಡನ್ನೂ ಪ್ರೀತಿಸುವ ನಾನು ಎಲ್ಲಿಂದ ಆರಂಭಿಸಬೇಕು?

ಉತ್ತರ 1

ನಿಮ್ಮ ಮಾರ್ಗದರ್ಶಕರಿಗೆ 1966ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ರಂಗಪ್ರಯೋಗಗಳ ಬಗ್ಗೆ ತಿಳಿಸಿ. ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಬಿಲ್ಲಿ ಕ್ಲೂವರ್ ಮತ್ತು ಕಲಾವಿದ ರಾಬರ್ಟ್ ರೌಷೆನ್‌ಬರ್ಗ್ ಸೇರಿ, ಹತ್ತು ಕಲಾವಿದರನ್ನೂ ಸುಮಾರು ಮೂವತ್ತು ಎಂಜಿನಿಯರುಗಳನ್ನೂ ಒಂದೇ ಕೆಲಸದಲ್ಲಿ ತೊಡಗಿಸಿದ್ದರು. ಅಲ್ಲಿನ ಒಂದು ಪ್ರಯೋಗದಲ್ಲಿ ಟೆನಿಸ್ ರ‍್ಯಾಕೆಟ್ಟಿನ ಹಿಡಿಯೊಳಗೆ ನಿಸ್ತಂತು ಮೈಕನ್ನು ಅಡಗಿಸಿದ್ದರು. ಚೆಂಡಿಗೆ ಬಿದ್ದ ಒಂದೊಂದು ಹೊಡೆತವೂ ಸಭಾಂಗಣದಲ್ಲಿ ಮೊಳಗಿ, ಪ್ರತಿ ಹೊಡೆತಕ್ಕೊಂದು ದೀಪ ಆರುತ್ತ, ಕೊನೆಗೆ ಆಟವೇ ಕತ್ತಲಲ್ಲಿ ಮುಳುಗುತ್ತಿತ್ತು. ಅಲ್ಲಿ ಸರ್ಕೀಟನ್ನು ತೆಗೆದುಬಿಟ್ಟರೆ ದೃಶ್ಯವೇ ಉಳಿಯುವುದಿಲ್ಲ. ನಿಮ್ಮ ಹಿಂಬಾಲಿಸುವ ದೀಪಕ್ಕೂ ಇದೇ ಪ್ರಶ್ನೆ ಕೇಳಿಕೊಳ್ಳಿ: ಅದಿಲ್ಲದಿದ್ದರೆ ಯಾವ ದೃಶ್ಯ ಸೊರಗುತ್ತದೆ? ಹಾಗೊಂದು ದೃಶ್ಯ ಸಿಕ್ಕರೆ ನಿಮ್ಮ ನಿರ್ದೇಶಕರ ಹಿಂಜರಿಕೆ ಬಹುಮಟ್ಟಿಗೆ ಕಡಿಮೆಯಾದೀತು.

ಉತ್ತರ 2

ನಿಯಂತ್ರಣ ವ್ಯವಸ್ಥೆಗಳಲ್ಲಿ ಕೆಲಸ ಮಾಡುವವನಾಗಿ ಹೇಳುತ್ತೇನೆ, ಇದು ಸುಲಭದ ಯೋಜನೆಯಲ್ಲ. ರಂಗದೀಪಗಳಿಗೆ ಆದೇಶ ಒಯ್ಯುವ ಡಿಎಂಎಕ್ಸ್ ಎಂಬ ಸಂಕೇತ ಪದ್ಧತಿಯು ತನ್ನ 512 ಚಾನೆಲ್‌ಗಳನ್ನು ಪೂರ್ತಿ ಕಳುಹಿಸಲು ಸುಮಾರು 23 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ 33 ಮಿಲಿಸೆಕೆಂಡ್ ಅಂತರವಿರುತ್ತದೆ. ಚಿತ್ರವನ್ನು ವಿಶ್ಲೇಷಿಸುವ ಮತ್ತು ಮೋಟಾರು ತಿರುಗುವ ಸಮಯ ಇದರ ಮೇಲೆ ಸೇರುತ್ತದೆ. ಒಟ್ಟು ವಿಳಂಬ 100 ಮಿಲಿಸೆಕೆಂಡ್ ಎಂದಿಟ್ಟುಕೊಂಡರೂ, ಸೆಕೆಂಡಿಗೆ ಒಂದೂವರೆ ಮೀಟರ್ ನಡೆಯುವ ನಟ ಅಷ್ಟರಲ್ಲಿ 15 ಸೆಂಟಿಮೀಟರ್ ಮುಂದೆ ಸರಿದಿರುತ್ತಾನೆ, ಅಂದರೆ ಕಿರಿದಾದ ಬೆಳಕಿನ ವೃತ್ತದಿಂದ ಮುಖ ಜಾರತೊಡಗುತ್ತದೆ.

ಮುಂದಿನ ಸ್ಥಾನವನ್ನು ಊಹಿಸುವ ಕಾಲ್ಮನ್ ಫಿಲ್ಟರ್ ಎಂಬ ಗಣಿತ ವಿಧಾನವನ್ನು ಬಳಸಿದರೆ ಇನ್ನೊಂದು ತೊಡಕು ಎದುರಾಗುತ್ತದೆ. ಮಾತಿನ ನಡುವೆ ನಟ ತಟ್ಟನೆ ನಿಂತಾಗ, ಇನ್ನೂ ನಡೆಯುತ್ತಾನೆಂದು ಭಾವಿಸಿದ ದೀಪ ಅವನನ್ನು ದಾಟಿ ಹೋಗಿ ಮರಳುತ್ತದೆ. ಎಷ್ಟೋ ದೃಶ್ಯಗಳ ಜೀವಾಳ ಆ ನಿಲುಗಡೆಯೇ ಆಗಿರುವುದರಿಂದ, ಈ ತಪ್ಪನ್ನು ಪ್ರೇಕ್ಷಕರು ಖಂಡಿತ ಗಮನಿಸುತ್ತಾರೆ. ವಿಳಂಬವನ್ನೂ ಈ ದಾಟುವಿಕೆಯನ್ನೂ ತಾಲೀಮಿನಲ್ಲಿ ಅಳೆದು, ಅವನ್ನು ತಗ್ಗಿಸಿದ ಬಗೆಯನ್ನು ವರದಿಯಲ್ಲಿ ತೋರಿಸಿದರೆ ಹವ್ಯಾಸವೆಂಬ ಆಕ್ಷೇಪ ನಿಲ್ಲಲಾರದು. ಒಂದು ಎಚ್ಚರಿಕೆ: ಡಿಎಂಎಕ್ಸ್‌ನಲ್ಲಿ ದೋಷ ಪತ್ತೆಯ ವ್ಯವಸ್ಥೆಯಿಲ್ಲ, ಆದ್ದರಿಂದ ಇದೇ ಉತ್ಸಾಹದಲ್ಲಿ ರಂಗಸಜ್ಜಿಕೆಯನ್ನು ಎತ್ತಿಳಿಸುವ ಮೋಟಾರನ್ನು ಅದರಿಂದ ನಡೆಸಲು ದಯವಿಟ್ಟು ಹೋಗಬೇಡಿ.

ಉತ್ತರ 3

ನಾನು ವಸ್ತ್ರವಿನ್ಯಾಸ ಮಾಡುವವಳು. ಕತ್ತಲಲ್ಲಿ ಕ್ಯಾಮೆರಾಕ್ಕೆ ನಟ ಕಾಣಬೇಕಾದರೆ ಉಡುಪಿನಲ್ಲಿ, ಕಣ್ಣಿಗೆ ಕಾಣದ ಬೆಳಕು ಬೀರುವ ಇನ್‌ಫ್ರಾರೆಡ್ ಎಲ್‌ಇಡಿಯನ್ನು ಹೊಲಿಯಬೇಕಾದೀತು. ಅದರ ಬ್ಯಾಟರಿ ಎಲ್ಲಿರಬೇಕು, ನಟಿ ಕುಳಿತಾಗ ಚುಚ್ಚುವುದೇ, ಬೆವರಿಗೆ ಕೆಡುವುದೇ ಎಂಬುದನ್ನು ಉಡುಪು ಕತ್ತರಿಸುವ ಮೊದಲೇ ನಮ್ಮೊಂದಿಗೆ ಕುಳಿತು ತೀರ್ಮಾನಿಸಿ. ಕೊನೆಯ ವಾರದಲ್ಲಿ ಬಂದು ಕೇಳಿದರೆ ಯಾರೂ ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಕೃತಜ್ಞತೆಗಳು. ನಮ್ಮ ನಾಟಕದಲ್ಲಿ ಮಗಳು ಕತ್ತಲ ಮನೆಯಲ್ಲಿ ತಂದೆಯನ್ನು ಹುಡುಕುತ್ತ ಅಲೆಯುವ ದೃಶ್ಯವೊಂದಿದೆ. ಬೆಳಕು ಅವಳಿಗಿಂತ ತುಸು ತಡವಾಗಿ ಬಂದರೆ ಅಲ್ಲಿ ಅದು ದೋಷವಾಗದೆ ದೃಶ್ಯಕ್ಕೆ ಅರ್ಥ ತರಬಹುದೆಂದು ನನಗೀಗ ಅನ್ನಿಸುತ್ತಿದೆ. ದೀಪದ ನಿಯಂತ್ರಣವನ್ನು ನನ್ನ ಕೈಗೆ ತೆಗೆದುಕೊಳ್ಳುವ ಗುಂಡಿಯೊಂದನ್ನು ಬೋರ್ಡಿನಲ್ಲಿ ಉಳಿಸಿಕೊಂಡು, ಆ ಒಂದೇ ದೃಶ್ಯಕ್ಕಾಗಿ ಯೋಜನೆಯ ಪ್ರಸ್ತಾವವನ್ನು ಹೊಸದಾಗಿ ಬರೆಯುತ್ತೇನೆ.